ಲಿನಕ್ಸ್ ಬೂಟ್ ಆಗುವಾಗ ದಿಢೀರನೆ ಪಾಸ್‌ಫ್ರೇಸ್ ಕೇಳಿದರೆ ಏನು ಮಾಡಬೇಕು

ನಿನ್ನೆವರೆಗೂ ಸುಮ್ನೆ ಆನ್ ಮಾಡಿದರೆ ಲಾಗಿನ್‌ವರೆಗೆ ಹೋಗುತ್ತಿದ್ದ ಲ್ಯಾಪ್‌ಟಾಪ್ ಇವತ್ತು ಡಿಸ್ಕ್ ಪಾಸ್‌ಫ್ರೇಸ್ ಕೇಳುತ್ತಾ ನಿಂತಿದೆ, ಅಲ್ವಾ? ಗಾಬರಿ ಬೇಡ. ಡೇಟಾ ಎಲ್ಲೂ ಹೋಗಿಲ್ಲ. ಹೆಚ್ಚಿನ ಸಲ ಟಿಪಿಎಂ ಚಿಪ್ (ಡಿಸ್ಕ್ ತೆರೆಯುವ ಕೀಯನ್ನು ಕಾಪಾಡುವ ಭದ್ರತಾ ಚಿಪ್) ಕೂಡ ಕೆಟ್ಟಿರುವುದಿಲ್ಲ. ಅದು ತನ್ನ ಕೆಲಸ ಮಾಡಿದೆ ಅಷ್ಟೇ.

ಎಲ್ಲಕ್ಕಿಂತ ಮೊದಲು ಒಂದು ಮಾತು: ಬಯಾಸ್‌ಗೆ ಹೋಗಿ ‘ಕ್ಲಿಯರ್ ಟಿಪಿಎಂ’ ಒತ್ತಬೇಡಿ. ಒತ್ತಿದರೆ ಚಿಪ್‌ನೊಳಗಿನ ಮೂಲ ಬೀಜವೇ (ಅದರ ಕೀಗಳಿಗೆ ಆಧಾರವಾದ ಗುಟ್ಟಿನ ಸಂಖ್ಯೆ) ಬದಲಾಗುತ್ತದೆ, ಅದರಿಂದ ಸೀಲ್ ಮಾಡಿದ (ಆ ಚಿಪ್ ಮಾತ್ರ ತೆರೆಯುವಂತೆ ಬೀಗ ಹಾಕಿದ) ಕೀ ಮತ್ತೆಂದೂ ತೆರೆಯುವುದಿಲ್ಲ. ಅದೇ ಮಷೀನಿನಲ್ಲಿ ವಿಂಡೋಸ್ ಇದ್ದರೆ ಅದರ ಡಿಸ್ಕ್ ಎನ್‌ಕ್ರಿಪ್ಶನ್ ಆದ ಬಿಟ್‌ಲಾಕರ್ ಕೂಡ ರಿಕವರಿ ಕೀ ಕೇಳಲು ಶುರು ಮಾಡುತ್ತದೆ. ಹಳೇ ಪಾಸ್‌ಫ್ರೇಸ್ ಅಥವಾ ರಿಕವರಿ ಕೀ ಹಾಕಿ ಒಳಗೆ ಹೋಗಿ, ಮಿಕ್ಕಿದ್ದು ಆಮೇಲೆ.

ಈಗ ಕಾರಣ ಹುಡುಕೋಣ. ಟಿಪಿಎಂ ಒಳಗೆ 0 ರಿಂದ 23 ರವರೆಗೆ ಪಿಸಿಆರ್ ಅನ್ನೋ ರಿಜಿಸ್ಟರ್‌ಗಳಿವೆ. ಬೂಟ್ ಆಗುವಾಗ ಫರ್ಮ್‌ವೇರ್, ಬೂಟ್‌ಲೋಡರ್, ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಸ್ಥಿತಿ ಇವೆಲ್ಲದರ ಹ್ಯಾಶ್ (ಬೆರಳಚ್ಚಿನಂಥ ಸಂಖ್ಯೆ) ಅಲ್ಲಿ ಸೇರುತ್ತಾ ಹೋಗುತ್ತದೆ. ಸೀಲ್ ಮಾಡಿದ ದಿನದ ಮೌಲ್ಯವೇ ಇವತ್ತೂ ಬಂದರೆ ಮಾತ್ರ ಕೀ ಹೊರಗೆ ಬರುತ್ತದೆ.

ನಿಮ್ಮ ಕೀ ಯಾವ ಪಿಸಿಆರ್‌ಗೆ ಕಟ್ಟಿದೆ ಅಂತ ತಿಳಿಯಲು ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಶನ್ ಟೂಲ್ ಆದ ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಡಂಪ್ ಕಮಾಂಡ್ ಓಡಿಸಿ. ಟೋಕನ್ಸ್ ಭಾಗದಲ್ಲಿ ‘ಸಿಸ್ಟಮ್‌ಡಿ-ಟಿಪಿಎಂ2’ ಕಾಣಬೇಕು, ಅದರ ಕೆಳಗೆ ‘ಟಿಪಿಎಂ2-ಹ್ಯಾಶ್-ಪಿಸಿಆರ್ಸ್: 7’ ಎಂಬಂಥ ಸಾಲು. 0 ಇದ್ದರೆ ಬಯಾಸ್ ಅಪ್‌ಡೇಟ್ ಆದಾಗಲೆಲ್ಲ ಮುರಿಯುತ್ತದೆ. 4 ಬೂಟ್‌ಲೋಡರ್‌ಗೆ ಸೇರಿದ್ದು. 9 ಇದ್ದರೆ ಕರ್ನಲ್ ಅಥವಾ ಇನಿಟ್‌ರ್‍ಯಾಮ್‌ಎಫ್‌ಎಸ್ (ಬೂಟ್‌ನ ಶುರುವಿನಲ್ಲಿ ಬಳಕೆಯಾಗುವ ಪುಟ್ಟ ಫೈಲ್ ವ್ಯವಸ್ಥೆ) ಬದಲಾದಾಗಲೆಲ್ಲ ಇದೇ ಗೋಳು. 7 ಬದಲಾಗಿದ್ದರೆ ಯಾರೋ ಸೆಕ್ಯೂರ್ ಬೂಟ್ ಆಫ್ ಮಾಡಿರಬೇಕು, ಇಲ್ಲವೇ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಎಫ್‌ಡಬ್ಲ್ಯುಯುಪಿಡಿಯೋ ವಿಂಡೋಸ್ ಅಪ್‌ಡೇಟೋ ಡಿಬಿಎಕ್ಸ್ ಪಟ್ಟಿಯನ್ನು (ಬೂಟ್ ಆಗಬಾರದ ಸಾಫ್ಟ್‌ವೇರ್‌ಗಳ ಪಟ್ಟಿ) ಹೊಸದು ಮಾಡಿರಬೇಕು.

ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಜಾಸ್ತಿ ಜನ ನೇರ ಮರುಸೀಲ್‌ಗೆ, ಅಂದರೆ ಕೀಯನ್ನು ಈಗಿನ ಪಿಸಿಆರ್ ಮೌಲ್ಯಕ್ಕೆ ಮತ್ತೆ ಕಟ್ಟಲು, ಹಾರುತ್ತಾರೆ. ಆದರೆ ಫರ್ಮ್‌ವೇರ್ ಅಪ್‌ಡೇಟ್ ಏನೂ ಆಗಿಲ್ಲ, ಸೆಟ್ಟಿಂಗ್ ಯಾರೂ ಮುಟ್ಟಿಲ್ಲ, ಆದರೂ ಪಿಸಿಆರ್ ಬದಲಾಗಿದೆ ಅಂದರೆ ಯಾರಾದರೂ ಮಷೀನ್ ಮುಟ್ಟಿದ್ದಾರಾ ಎಂದು ಯೋಚಿಸಬೇಕಾದ ಹೊತ್ತು ಅದು, ಯಾಕೆಂದರೆ ಕಣ್ಣು ಮುಚ್ಚಿ ಮರುಸೀಲ್ ಮಾಡಿದರೆ ಆ ಬದಲಾದ ಸ್ಥಿತಿಯನ್ನೇ ನೀವು ನಂಬಿದಂತೆ. ಅಪ್‌ಡೇಟ್ ಇತಿಹಾಸ ಮತ್ತು ಬೂಟ್ ಜರ್ನಲ್ ಎರಡನ್ನೂ ನೋಡಿ.

ಕಾರಣ ಸಿಕ್ಕಿತಾ? ಹಾಗಾದರೆ ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್‌ಗೆ ವೈಪ್-ಸ್ಲಾಟ್=ಟಿಪಿಎಂ2, ಟಿಪಿಎಂ2-ಡಿವೈಸ್=ಆಟೋ, ಟಿಪಿಎಂ2-ಪಿಸಿಆರ್ಸ್=7 ಅನ್ನೋ ಆಯ್ಕೆಗಳನ್ನು ಕೊಟ್ಟು ನಿಮ್ಮ ಪಾರ್ಟಿಷನ್ ಹೆಸರು ಹಾಕಿ. ಹಳೇ ಟಿಪಿಎಂ ಸ್ಲಾಟ್ (ಡಿಸ್ಕ್‌ನಲ್ಲಿ ಆ ಕೀಗೆ ಇರುವ ಜಾಗ) ಅಳಿದು ಹೊಸದು ಕೂರುತ್ತದೆ, ಪಾಸ್‌ಫ್ರೇಸ್ ಸ್ಲಾಟ್ ಹಾಗೇ ಇರುತ್ತದೆ. ರಿಕವರಿ ಕೀ ಇಲ್ಲದವರು ಅದೇ ಕಮಾಂಡ್‌ನ ರಿಕವರಿ-ಕೀ ಆಯ್ಕೆಯಿಂದ ಇವತ್ತೇ ಒಂದು ಮಾಡಿಕೊಂಡು ಕಾಗದದ ಮೇಲೆ ಬರೆದಿಡಿ. ಹೊರಗೆ ಒಯ್ಯುವ ಲ್ಯಾಪ್‌ಟಾಪ್ ಆದರೆ ಪಿನ್ ಕೂಡ ಸೇರಿಸಿ. ಇನಿಟ್‌ರ್‍ಯಾಮ್‌ಎಫ್‌ಎಸ್ ಸಹಿ ಇಲ್ಲದೆ ಬೇರೆ ಫೈಲಾಗಿ ಇರುವ ಕಡೆ, ಅದನ್ನು ಯಾರಾದರೂ ಬದಲಿಸಿದರೆ ಬರೀ ಪಿಸಿಆರ್ 7 ಅದನ್ನು ಹಿಡಿಯುವುದಿಲ್ಲ.

ಟೋಕನ್ ಸರಿ ಇದೆ, ಪಿಸಿಆರ್ ಸರಿ ಇದೆ, ಆದರೂ ಕೇಳುತ್ತಿದೆಯಾ? ಬೂಟ್ ಆಗುವಾಗ ಡಿಸ್ಕ್ ಹೇಗೆ ತೆರೆಯಬೇಕೆಂದು ಹೇಳುವ ಕ್ರಿಪ್ಟ್‌ಟ್ಯಾಬ್ ಫೈಲ್‌ನಲ್ಲಿ ಟಿಪಿಎಂ2-ಡಿವೈಸ್=ಆಟೋ ಇದೆಯಾ ನೋಡಿ. ಇದ್ದರೂ ಆಗದಿದ್ದರೆ ತಪ್ಪು ಇನಿಟ್‌ರ್‍ಯಾಮ್‌ಎಫ್‌ಎಸ್‌ನಲ್ಲಿರಬಹುದು. ಡೆಬಿಯನ್‌ನ ಇನಿಟ್‌ರ್‍ಯಾಮ್‌ಎಫ್‌ಎಸ್-ಟೂಲ್ಸ್‌ನ ಸ್ಕ್ರಿಪ್ಟ್‌ಗಳು ಈ ಆಯ್ಕೆಯನ್ನು ಗುರುತಿಸದೆ ಬಿಟ್ಟುಬಿಡುತ್ತವೆ. ಅಲ್ಲಿ ಅದೇ ಕೆಲಸದ ಇನ್ನೊಂದು ಟೂಲ್ ಆದ ಡ್ರಾಕಟ್‌ಗೆ ಬದಲಾಯಿಸಿ, ಅದರ ಟಿಪಿಎಂ2-ಟಿಎಸ್‌ಎಸ್ ಮಾಡ್ಯೂಲ್ ಸೇರಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಆರ್ಚ್‌ನವರು ‘ಎನ್‌ಕ್ರಿಪ್ಟ್’ ಹುಕ್ ತೆಗೆದು ‘ಎಸ್‌ಡಿ-ಎನ್‌ಕ್ರಿಪ್ಟ್’ ಹಾಕಬೇಕು.

ಇನ್ನು ಪಿನ್ ತಪ್ಪು ಒತ್ತೊತ್ತಿ ಲಾಕ್‌ಔಟ್ ಆಗಿದ್ದರೆ ಸರಿ ಪಿನ್ ಹಾಕಿದರೂ ಚಿಪ್ ಒಪ್ಪುವುದಿಲ್ಲ. ಪಾಸ್‌ಫ್ರೇಸ್‌ನಿಂದ ಒಳಗೆ ಹೋಗಿ, ಮಷೀನ್ ಆನ್ ಇಟ್ಟು ಕಾಯಿರಿ. ಲಾಕ್‌ಔಟ್ ಪಾಸ್‌ವರ್ಡ್ ಇಟ್ಟಿಲ್ಲವಾದರೆ ಟಿಪಿಎಂ2-ಟೂಲ್ಸ್‌ನ ಡಿಕ್ಷನರಿಲಾಕ್‌ಔಟ್ ಕಮಾಂಡ್‌ನಿಂದ ತಪ್ಪು ಪಿನ್‌ಗಳ ಎಣಿಕೆಯನ್ನು ಸೊನ್ನೆಗೆ ತರಬಹುದು.