ಆರು ಜನರ ಶೆಡ್‌ಗೆ ಸೇಫ್ಟಿ ಫೈಲ್: ನಾನು ಬರೆದ ರೀತಿ

ಮೈಸೂರು ಸುತ್ತಲಿನ ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು ಕಡೆಯ ಬಹಳ ಕಂಪನಿಗಳಲ್ಲಿ ಸೇಫ್ಟಿ ಫೈಲ್, ಅಂದರೆ ಕೆಲಸದ ಅಪಾಯ ಮತ್ತು ಅದಕ್ಕೆ ಮಾಡುವ ಮುನ್ನೆಚ್ಚರಿಕೆ ಬರೆದ ಕಡತ, ಇಲ್ಲದೆ ಕಂಟ್ರಾಕ್ಟ್ ಹುಡುಗರಿಗೆ ಗೇಟ್ ಪಾಸ್ ಸಿಗುವುದು ಕಷ್ಟ. ನಮ್ಮದು ಕೂರ್ಗಳ್ಳಿಯಲ್ಲಿ ಆರು ಜನರ ಫ್ಯಾಬ್ರಿಕೇಷನ್ ಶೆಡ್. ಟ್ರಸ್ (ಚಾವಣಿ ಹೊರುವ ಕಬ್ಬಿಣದ ಚೌಕಟ್ಟು), ಗ್ರಿಲ್, ಚಾವಣಿ ಶೀಟ್ ಬದಲಿಸುವುದು, ಇಂಥ ಕೆಲಸ. ವೆಲ್ಡಿಂಗ್ ಯಜಮಾನರ ಪಾಲು, ಕಾಗದ ಪತ್ರ ನನ್ನ ಪಾಲು.

ರೆಡಿಮೇಡ್ ಫೈಲ್ ವಾಟ್ಸಾಪ್‌ನಲ್ಲೇ ಓಡಾಡುತ್ತಿರುತ್ತದೆ. ಸುರಂಗ, ಟವರ್ ಕ್ರೇನ್ ಎಲ್ಲ ಅದರಲ್ಲಿ ಇರುತ್ತದೆ. ಹೆಸರು ಬದಲಿಸಿ ಕೊಟ್ಟರೆ ಎಷ್ಟೋ ಕಡೆ ನಡೆದೂ ಹೋಗುತ್ತದೆ. ನನಗೆ ಅದು ಬೇಡ ಅನ್ನಿಸಿತು. ನಾಳೆ ಏನಾದರೂ ಆದರೆ ಕೆಳಗಿರುವ ಸಹಿ ನಮ್ಮದೇ ಅಲ್ವಾ?

ನಾನು ಬರೆಯಲು ಕೂರುವುದು ಜಾಗ ನೋಡಿದ ಮೇಲೆ. ಹಳೇ ಆಸ್‌ಬೆಸ್ಟಾಸ್ ಚಾವಣಿಯ ಕೆಲಸವನ್ನೇ ತೆಗೆದುಕೊಳ್ಳಿ. ಕೆಳಗೆ ನಿಂತು ನೋಡಿದರೆ ಗಟ್ಟಿಯಾಗಿ ಕಾಣುತ್ತದೆ. ಬಿಸಿಲು ಮಳೆ ತಿಂದ ಶೀಟ್ ಮೇಲೆ ಕಾಲಿಟ್ಟರೆ ಎಚ್ಚರಿಕೆಯನ್ನೇ ಕೊಡದೆ ಮುರಿಯುತ್ತದೆ. ನಡುನಡುವೆ ಬೆಳಕಿಗೆಂದು ಹಾಕಿದ ಫೈಬರ್ ಶೀಟ್ ಇನ್ನೂ ಅಪಾಯ. ಧೂಳು, ಪಾಚಿ ಕೂತು ಪಕ್ಕದ ಶೀಟಿನ ಬಣ್ಣಕ್ಕೇ ತಿರುಗಿರುತ್ತದೆ, ಮೇಲಿಂದ ಗುರುತೇ ಸಿಗುವುದಿಲ್ಲ. ಆದ್ದರಿಂದ ಒಳಗಿನಿಂದ ನೋಡಿ ಯಾವ ಸಾಲಿನಲ್ಲಿ ಎಷ್ಟನೆಯ ಶೀಟ್ ಫೈಬರ್ ಅಂತ ಪೆನ್ಸಿಲಲ್ಲಿ ಒಂದು ನಕ್ಷೆ ಬರೆದುಕೊಳ್ಳುತ್ತೇನೆ. ಸೇಫ್ಟಿ ಫೈಲಿನ ಮೊದಲ ಪುಟ ಆ ನಕ್ಷೆಯೇ.

ಎರಡನೆಯದು ಎಲ್ಲರೂ ಹೀರಾ ಅನ್ನುವ, ಅಪಾಯ ಗುರುತಿಸಿ ಅಳೆಯುವ ಪಟ್ಟಿ. ಕೆಲಸದ ಹಂತ, ಅದರಲ್ಲಿರುವ ಅಪಾಯ, ಆಗುವ ಸಾಧ್ಯತೆಗೆ 1ರಿಂದ 5, ಪೆಟ್ಟಿನ ತೀವ್ರತೆಗೆ 1ರಿಂದ 5, ಎರಡನ್ನೂ ಗುಣಿಸಿದ ಅಂಕಿ. ಇಲ್ಲೇ ಆಟ ನಡೆಯುವುದು. ‘ಹೆಲ್ಮೆಟ್, ಬೆಲ್ಟ್ ಕೊಡಲಾಗುವುದು’ ಅಂತ ಬರೆದು 20 ಇದ್ದದ್ದನ್ನು 4ಕ್ಕೆ ಇಳಿಸುತ್ತಾರೆ. ಹೆಲ್ಮೆಟ್ ಹಾಕಿಕೊಂಡವನು ಬೀಳುವುದಿಲ್ಲವೇ? ಶೀಟ್ ಮುರಿಯುವುದನ್ನು ಹೆಲ್ಮೆಟ್ ತಡೆಯುವುದಿಲ್ಲ. ಎತ್ತರದಿಂದ ಬಿದ್ದರೆ ಆಗುವ ಪೆಟ್ಟಿಗೆ ನಾನು 5 ಹಾಕಿದರೆ ಕೊನೆವರೆಗೂ 5ನ್ನೇ ಇಡುತ್ತೇನೆ. ಇಳಿಸಬೇಕಾದದ್ದು ಸಾಧ್ಯತೆಯನ್ನು, ಅದೂ ನಿಜವಾಗಿ ಏನಾದರೂ ಮಾಡಿದ್ದರೆ ಮಾತ್ರ.

ಏನು ಮಾಡುವುದು ಅಂತ ಹುಡುಗರನ್ನೇ ಕೂರಿಸಿಕೊಂಡು ಕೇಳುತ್ತೇನೆ. ಮೊದಲ ಪ್ರಶ್ನೆ ಒಂದೇ: ಮೇಲೆ ಹತ್ತದೆ ಆಗುತ್ತದೆಯೇ? ನಮ್ಮ ಹಿರಿಯ ವೆಲ್ಡರ್, ‘ಅಕ್ಕ, ಶೀಟ್ ಹಿಡಿದಿರೋ ಜೆ ಬೋಲ್ಟನ್ನು ಕೆಳಗಿಂದಲೇ ಕತ್ತರಿಸಬಹುದು, ಲಿಫ್ಟ್ ಇದ್ರೆ’ ಅಂದರು. ಲಿಫ್ಟ್ ಅಂದರೆ ಆಳನ್ನು ಮೇಲಕ್ಕೆತ್ತುವ ಯಂತ್ರ. ಪಟ್ಟಿಯಲ್ಲಿ ಅದೇ ಮೊದಲ ಸಾಲಾಯಿತು. ಲಿಫ್ಟ್ ಹೋಗದ ಕಡೆ ಪರ್ಲಿನ್‌ನಿಂದ (ಶೀಟಿನ ಕೆಳಗಿನ ಅಡ್ಡ ಕಂಬಿ) ಪರ್ಲಿನ್‌ಗೆ ಕ್ರಾಲಿಂಗ್ ಬೋರ್ಡ್ ಅನ್ನುವ ಹಲಗೆ, ಕೆಳಗೆ ಬಲೆ, ಟ್ರಸ್‌ಗೆ ಕಟ್ಟಿದ ಲೈಫ್‌ಲೈನ್ ಹಗ್ಗ, ಅದಕ್ಕೆ ಸಿಕ್ಕಿಸಿದ ಫುಲ್ ಬಾಡಿ ಹಾರ್ನೆಸ್. ಹಾರ್ನೆಸ್ ಮೇಲೆ ಐಎಸ್ 3521 ಗುರುತು ನೋಡಿ ಕೊಳ್ಳಬೇಕು. ಬರೀ ಸೊಂಟದ ಬೆಲ್ಟ್ ಬೇಡ. ಆಸ್‌ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕ್ಯಾನ್ಸರ್ ತರುತ್ತದೆ. ಆದ್ದರಿಂದ ಗ್ರೈಂಡರ್ ಹಚ್ಚದೆ, ನೀರು ಚಿಮುಕಿಸಿ, ಶೀಟನ್ನು ಇಡಿಯಾಗಿ ಇಳಿಸುವುದು. ಇದನ್ನೂ ಅವರ ಮಾತಿನಲ್ಲೇ ಬರೆದೆ.

ಭಾಷೆಯ ವಿಷಯಕ್ಕೆ ಸೇಫ್ಟಿ ಆಫೀಸರ್ ಜೊತೆ ಸ್ವಲ್ಪ ಎಳೆದಾಟ ಆಯಿತು. ಅವರಿಗೆ ಇಂಗ್ಲಿಷ್ ಬೇಕು, ನಮ್ಮವರಿಗೆ ಕನ್ನಡ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಇಟ್ಟೆ. ಒಪ್ಪಿದರು. ಬೆಳಿಗ್ಗೆ ಕೆಲಸಕ್ಕೆ ಮೊದಲು ನಡೆಯುವ ಟೂಲ್‌ಬಾಕ್ಸ್ ಟಾಕ್ ಅನ್ನುವ ಸೇಫ್ಟಿ ಮಾತುಕತೆಗೂ ಆ ಎಡಭಾಗವನ್ನೇ ಓದುತ್ತಾರೆ. ಓದುವುದು ನಾನಲ್ಲ, ಆವತ್ತು ಮೇಲೆ ಹತ್ತುವವನು.

ಮೂರನೆಯ ಪುಟ, ಏನಾದರೂ ಆದರೆ ಏನು ಅನ್ನುವುದು. 108 ಅಂತ ಬರೆದರೆ ಸಾಲದು. ಆಂಬುಲೆನ್ಸ್ ಯಾವ ಗೇಟಿನಿಂದ ಬರಬೇಕು, ಎದುರು ಹೋಗಿ ಕರೆತರುವವರು ಯಾರು? ಹಾರ್ನೆಸ್‌ನಲ್ಲಿ ನೇತಾಡುವವನನ್ನು ಬೇಗ ಇಳಿಸದಿದ್ದರೆ ಕಾಲಿಗೆ ರಕ್ತ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯ. ಹಾಗಾಗಿ ಇಳಿಸುವ ಏಣಿ ಎಲ್ಲಿದೆ ಅನ್ನುವುದೂ ಅಲ್ಲೇ ಇದೆ.

ಉಳಿದದ್ದು ಲಗತ್ತು: ಎತ್ತರದ ಕೆಲಸಕ್ಕೆ ವೈದ್ಯರ ಸರ್ಟಿಫಿಕೇಟ್, ಆಧಾರ್ ಪ್ರತಿ, ಇನ್ಶೂರೆನ್ಸ್. ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಹತ್ತು ಜನ ಇಲ್ಲ, ನಮಗೆ ಇಎಸ್‌ಐ ಇಲ್ಲ ಅಂತ ಸುಮ್ನೆ ಕೂರುವವರು ಜಾಸ್ತಿ. ಕೆಲಸದಲ್ಲಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನುವ ಕಾನೂನು 1923ರಲ್ಲೇ ಬಂದಿದೆ. ನಾವು ಆರೂ ಜನರ ಮೇಲೆ ವರ್ಕ್‌ಮೆನ್ ಪಾಲಿಸಿ ಮಾಡಿಸಿದ್ದೇವೆ. ಅದಕ್ಕೆ ನಿಜವಾದ ಸಂಬಳವನ್ನೇ ತೋರಿಸಬೇಕು. ಪ್ರೀಮಿಯಂ ಉಳಿಸಲು ಕಡಿಮೆ ಬರೆದರೆ ಕ್ಲೇಮ್ ಹೊತ್ತಿಗೆ ತಕರಾರು ಬರುತ್ತದೆ.

ಬಲೆ, ಬೋರ್ಡು, ಲಿಫ್ಟ್ ಬಾಡಿಗೆಯನ್ನು ಈಗ ಕೊಟೇಶನ್‌ನಲ್ಲಿ ಬೇರೆ ಸಾಲಾಗಿ ತೋರಿಸುತ್ತೇನೆ. ರೇಟ್ ಇಳಿಸಿ ಅಂದಾಗ ಪರ್ಚೇಸ್‌ನವರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಆಗ ನಿಮ್ಮ ಕಂಪನಿಯ ಲಿಫ್ಟನ್ನೇ ಕೊಡಿ, ಬಾಡಿಗೆ ತೆಗೆದುಬಿಡುತ್ತೇನೆ ಅನ್ನುತ್ತೇನೆ. ಕೆಲವು ಕಡೆ ಕೊಟ್ಟಿದ್ದಾರೆ.