ನೋವಿನ ಮಾತ್ರೆ: ನುಂಗುವ ಮುನ್ನ ಲೆಕ್ಕ ಹಾಕಿ

ಚನ್ನಗಿರಿ ಕಡೆ ಅಡಿಕೆ ಸುಲಿಯುವವರಿಗೆ ಕುತ್ತಿಗೆ ನೋವು, ಮೊಳಕಾಲ್ಮೂರಿನ ನೇಕಾರರಿಗೆ ಸೊಂಟ ನೋವು, ಚಳ್ಳಕೆರೆಯಲ್ಲಿ ಶೇಂಗಾ ಕೀಳುವವರಿಗೆ ಮಂಡಿ ನೋವು. ಮೆಡಿಕಲ್ ಶಾಪಿನಲ್ಲಿ ‘ನೋವಿಂದು ಎರಡು ಕೊಡಿ’ ಎಂದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಆ ತುಂಡಿನ ಮೇಲೆ ಎಷ್ಟೋ ಸಲ ಔಷಧದ ಹೆಸರೇ ಇರುವುದಿಲ್ಲ. ಅಪಾಯ ಶುರುವಾಗುವುದು ಇಲ್ಲಿಂದಲೇ.

ಮೊದಲು ಹೆಸರು ಕೇಳಿ. ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಔಷಧದ ಹೆಸರು. ಪ್ಯಾರಾಸಿಟಮಾಲ್ ಒಂದು ಬಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಇನ್ನೊಂದು ಬಗೆ. ಎರಡೂ ಸೇರಿದ ಮಾತ್ರೆಗಳೂ ಇವೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ತರಬಾರದ ಮಾತ್ರೆ.

ಈಗ ದಿನದ ಲೆಕ್ಕ. ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲ್ 24 ಗಂಟೆಯಲ್ಲಿ 4,000 ಮಿ.ಗ್ರಾಂ ದಾಟಬಾರದು. ಜ್ವರಕ್ಕೆ 650ರ ಮಾತ್ರೆ ನಾಲ್ಕು ಸಲ ತಗೊಂಡರೆ 2,600. ಅದರ ಜೊತೆಗೆ ನೆಗಡಿ ಮಾತ್ರೆ ಮೂರು. ಅದರಲ್ಲೂ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದ್ದರೆ 1,500. ಒಟ್ಟು 4,100. ಎರಡೂ ಬೇರೆ ಬೇರೆ ಔಷಧ ಅಂದುಕೊಂಡೇ ಮಿತಿ ಮೀರಿರುತ್ತದೆ. ದಿನಾ ಕುಡಿಯುವವರು, ಸರಿಯಾಗಿ ಊಟ ಮಾಡದವರು, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ, ವೈದ್ಯರನ್ನು ಕೇಳಿಯೇ ತಗೊಳ್ಳಿ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಬಿಡಿ. ಐಬುಪ್ರೊಫೆನ್ ಸ್ವಂತವಾಗಿ ತಗೊಳ್ಳುವುದಾದರೆ ದಿನಕ್ಕೆ 1,200 ಮಿ.ಗ್ರಾಂ ಕೊನೆ, ಅದೂ ಊಟದ ನಂತರ.

ಎರಡನೇ ಬಗೆಯ ಮಾತ್ರೆಗಳು ಮೈಯೊಳಗೆ ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಡೆಯುತ್ತವೆ. ಹೊಟ್ಟೆಯ ಒಳಪದರ ಕಾಯುವುದೂ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಇದೇ ರಾಸಾಯನಿಕಗಳು. ಆದ್ದರಿಂದ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು. ‘ಗ್ಯಾಸ್ ಮಾತ್ರೆ ಜೊತೆಗಿದೆಯಲ್ಲ’ ಎಂಬ ಧೈರ್ಯ ಬೇಡ. ಅದು ಹೊಟ್ಟೆಯನ್ನು ಕಾಯಬಹುದು, ಕಿಡ್ನಿಯನ್ನಲ್ಲ. ಬೇಸಿಗೆ ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ ದುಡಿದ ದಿನವೇ ಈ ಮಾತ್ರೆ ನುಂಗುವುದು ತೀರಾ ಕೆಟ್ಟದ್ದು. ಬಿ.ಪಿ. ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ತಗೊಳ್ಳುವ ಹಿರಿಯರು ಇದನ್ನು ಸೇರಿಸಿಕೊಂಡರೆ ಕಿಡ್ನಿ ದಿಢೀರನೆ ಸೋಲಬಹುದು. ಗರ್ಭಿಣಿಯರು, ಹೃದಯ ಕಾಯಿಲೆಯವರು, ರಕ್ತ ತೆಳುವಾಗಿಸುವ ಔಷಧದಲ್ಲಿರುವವರು ತಾವಾಗಿಯೇ ಮುಟ್ಟಬಾರದು. ಡೆಂಗಿ ಇರಬಹುದೆಂಬ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ.

ತಲೆನೋವಿನ ವಿಷಯ ವಿಚಿತ್ರ. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಮಾತ್ರೆ ನುಂಗುತ್ತಾ ಮೂರು ತಿಂಗಳು ಕಳೆದರೆ ಮಾತ್ರೆಯೇ ತಲೆನೋವು ತರಬಹುದು. ಕ್ಯಾಲೆಂಡರಿನಲ್ಲಿ ನುಂಗಿದ ದಿನ ಗುರುತು ಹಾಕಿ. ವಾರಕ್ಕೆ ಎರಡು ದಿನ ಮೀರುತ್ತಿದ್ದರೆ ವೈದ್ಯರಿಗೆ ತೋರಿಸಿ.

ನಮ್ಮ ಭಾಗದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಕುಡಿದವರಿಗೆ ಕೀಲು ಬಿಗಿಯುತ್ತದೆ, ಬೆನ್ನು ಬಾಗದು. ಅದಕ್ಕೆ ನೋವಿನ ಮಾತ್ರೆ ಚಿಕಿತ್ಸೆಯಲ್ಲ. ನೀರು ಪರೀಕ್ಷೆ ಮಾಡಿಸಿ; ಲೀಟರಿಗೆ 1.5 ಮಿ.ಗ್ರಾಂ ಮೀರಿದ್ದರೆ ಕುಡಿಯುವ ನೀರು ಬದಲಿಸಿ.

ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಮೂತ್ರ ಕಡಿಮೆಯಾಗಿ ಕಾಲು ಊದಿದರೆ, ಕಣ್ಣು ಹಳದಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಪ್ಯಾರಾಸಿಟಮಾಲ್ ಅತಿಯಾದರೆ ಮೊದಲ ದಿನ ಏನೂ ಕಾಣದೆಯೂ ಇರಬಹುದು. ಲಿವರ್ ಕೆಟ್ಟದ್ದು ಎರಡು ಮೂರು ದಿನಕ್ಕೆ ಗೊತ್ತಾಗುತ್ತದೆ. ಪ್ರತಿವಿಷ ಔಷಧ ಮಾತ್ರೆ ನುಂಗಿದ 8 ಗಂಟೆಯೊಳಗೆ ಸಿಕ್ಕರೆ ಅತ್ಯಂತ ಪರಿಣಾಮಕಾರಿ. ಚೆನ್ನಾಗಿಯೇ ಇದ್ದಾರಲ್ಲ ಎಂದು ಕಾಯದೆ, ಖಾಲಿ ಸ್ಟ್ರಿಪ್ ಹಿಡಿದು ಹೊರಡಿ.