ಸಂಪು ತೊಳೆಯುವ ಕೆಲಸ: ಒಂದು ಮನೆಯಿಂದ ಪಕ್ಕದ ಮನೆಗೆ

ಸಂಪು ತೊಳೆಯುವವನ ನಂಬರನ್ನು ಯಾರೂ ಬಾಯಿಪಾಠ ಮಾಡಿಕೊಂಡಿರುವುದಿಲ್ಲ. ಹಾಲಿನವನು, ಪೇಪರಿನವನು ದಿನಾ ಬಾಗಿಲಿಗೆ ಬರುತ್ತಾರೆ. ಗ್ಯಾಸ್ ಸಿಲಿಂಡರಿನವನು ತಿಂಗಳಿಗೋ ಎರಡು ತಿಂಗಳಿಗೋ ಗೇಟು ತಟ್ಟುತ್ತಾನೆ. ನಾವು ಹೋಗುವುದು ಆರು ತಿಂಗಳಿಗೊಮ್ಮೆ, ಬಹಳಷ್ಟು ಮನೆಗಳಿಗೆ ವರ್ಷಕ್ಕೊಮ್ಮೆ. ಅಷ್ಟರಲ್ಲಿ ಮನೆಯವರಿಗೆ ನಮ್ಮ ಹೆಸರೂ ಮರೆತಿರುತ್ತದೆ, ಮುಖವೂ ಮರೆತಿರುತ್ತದೆ. ಕೊಟ್ಟ ಕಾರ್ಡು ಹಳೆಯ ಕರೆಂಟ್ ಬಿಲ್ಲುಗಳ ಜೊತೆ ಎಂದೋ ರದ್ದಿಗೆ ಹೋಗಿರುತ್ತದೆ. ಕೆಲಸ ಚೆನ್ನಾಗಿ ಆಗಿದ್ದರೂ ಅವರು ನಮ್ಮನ್ನು ಇನ್ನೊಬ್ಬರಿಗೆ ಹೇಳದೇ ಇರುವುದಕ್ಕೆ ಮುಕ್ಕಾಲು ಪಾಲು ಕಾರಣ ಇಷ್ಟೇ: ಹೇಳಬೇಕಾದ ಗಳಿಗೆಯಲ್ಲಿ ನಂಬರ್ ಸಿಗುವುದಿಲ್ಲ.

ನಾನು ಮೈಸೂರಿನಲ್ಲಿ, ಹೆಚ್ಚಾಗಿ ಕುವೆಂಪುನಗರ, ರಾಮಕೃಷ್ಣನಗರ, ಬೋಗಾದಿ ಕಡೆ ಈ ಕೆಲಸ ಮಾಡುತ್ತೇನೆ. ಇಬ್ಬರು ಹುಡುಗರು, ಒಂದು ಗೂಡ್ಸ್ ಆಟೋ, ಒಂದು ಕೆಸರೆತ್ತುವ ಪಂಪು, ಒಂದು ಪ್ರೆಶರ್ ಗನ್; ಇಷ್ಟೇ ನಮ್ಮ ಬಂಡವಾಳ. ಜಾಹೀರಾತಿಗೆ ಸುರಿಯುವಷ್ಟು ಹಣವಿಲ್ಲ. ಮೊಬೈಲ್ ಆ್ಯಪ್‌ಗಳ ಮೂಲಕ ಬರುವ ಕೆಲಸದಲ್ಲಿ ಅವರ ಪಾಲು ಕೊಟ್ಟ ಮೇಲೆ ಉಳಿಯುವುದು ಹುಡುಗರ ಕೂಲಿ ಮತ್ತು ಡೀಸೆಲ್‌ಗೆ ಸಾಲುತ್ತದೆ, ಅಷ್ಟೇ. ಹಾಗಾಗಿ ಹಳೆಯ ಗಿರಾಕಿಗಳ ಬಾಯಿಮಾತನ್ನೇ ನಂಬಿಕೊಂಡೆ. ಈಗ ಬರುವ ಕರೆಗಳಲ್ಲಿ ಹೆಚ್ಚಿನವು "ನಿಮ್ಮ ನಂಬರನ್ನು ಎದುರು ಮನೆಯವರು ಕೊಟ್ಟರು" ಎಂದೇ ಶುರುವಾಗುತ್ತವೆ. ಎಲೆಕ್ಟ್ರೀಷಿಯನ್, ಪ್ಲಂಬರ್, ಸೋಫಾ ತೊಳೆಯುವವರು, ಜಿರಲೆಗೆ ಔಷಧಿ ಹೊಡೆಯುವವರು, ಹೀಗೆ ಮನೆ ಮನೆಗೆ ಹೋಗಿ ದುಡಿಯುವ ಯಾರಿಗಾದರೂ ಉಪಯೋಗವಾದೀತೆಂದು ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿದುಕೊಳ್ಳಬೇಕಾದದ್ದು, ಗಿರಾಕಿ ನಮ್ಮನ್ನು ಇನ್ನೊಂದು ಮನೆಗೆ ಹೇಳುವುದೆಂದರೆ ಅವರು ತಮ್ಮ ಮಾತನ್ನು ನಮಗಾಗಿ ಅಡವಿಡುತ್ತಿದ್ದಾರೆ. ಒಬ್ಬ ಗೃಹಿಣಿ ತನ್ನ ನಾದಿನಿಯ ಮನೆಗೆ ನನ್ನನ್ನು ಕಳಿಸಿದರು ಎಂದುಕೊಳ್ಳಿ. ಅಲ್ಲಿ ನನ್ನ ಹುಡುಗ ಕೆಸರು ಕಾಲಿನಲ್ಲಿ ವರಾಂಡ ತುಳಿದರೆ, ಹೇಳಿದ ಹೊತ್ತಿಗೆ ಹೋಗದಿದ್ದರೆ, ಹೇಳಿದ್ದಕ್ಕಿಂತ ಹೆಚ್ಚು ಹಣ ಕೇಳಿದರೆ, ಆ ಮನೆಯವರು ನನ್ನನ್ನು ಬೈಯುವುದಿಲ್ಲ. "ಅತ್ತಿಗೆ ಎಂಥವರನ್ನು ಕಳಿಸಿದರು ನೋಡಿ" ಎನ್ನುತ್ತಾರೆ. ಆ ಮಾತು ಮುಂದಿನ ನಾಮಕರಣಕ್ಕೂ ಮದುವೆಗೂ ಬರುತ್ತದೆ. ಇಷ್ಟು ದೊಡ್ಡ ಅಪಾಯವನ್ನು ನೂರು ರೂಪಾಯಿ ರಿಯಾಯಿತಿಗಾಗಿ ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ. "ಇಬ್ಬರಿಗೆ ಹೇಳಿ, ನೂರು ರೂಪಾಯಿ ಪಡೆಯಿರಿ" ಎಂದು ಅಚ್ಚು ಹಾಕಿಸುವ ಕಾರ್ಡುಗಳು ನಮ್ಮ ಕಡೆ ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಹೇಳಿದವರ ಮರ್ಯಾದೆಗೆ ಕುಂದು ಬರುವುದಿಲ್ಲ ಎಂಬ ಧೈರ್ಯವನ್ನು ನಾವು ಕೊಡಬೇಕು. ಇನ್ನೊಬ್ಬರ ಹತ್ತಿರ ಆಡಿಕೊಳ್ಳಲು ಅವರಿಗೆ ಒಂದು ವಿಷಯವನ್ನೂ ಕೊಡಬೇಕು.

ಆ ವಿಷಯ ಸಂಪಿನೊಳಗೇ ಇದೆ. ಎಂಟಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪಿನಲ್ಲಿ ಸುಮಾರು 8,000 ಲೀಟರ್ ನೀರು ಹಿಡಿಯುತ್ತದೆ. ಮನೆಯವರು ಮುಚ್ಚಳ ಎತ್ತಿ ನೋಡಿದರೆ ಕಾಣುವುದು ಮೇಲಿನ ತಿಳಿನೀರು. ತಳದಲ್ಲಿ ಕೂತ ಕೆಸರು, ಮೂಲೆಯ ಲೋಳೆ, ಮೋಟಾರ್ ಪೈಪಿನ ಕೆಳತುದಿಯಲ್ಲಿರುವ ಫುಟ್ ವಾಲ್ವಿನ ಜಾಲರಿಗೆ ಸುತ್ತಿಕೊಂಡ ನಾರು, ಬೋರ್ ನೀರಿನ ಮನೆಯಾದರೆ ಗೋಡೆಗೆ ಕಟ್ಟಿದ ಬಿಳಿ ಚಕ್ಕೆ, ಇವನ್ನೆಲ್ಲ ಅವರು ನೋಡಿಯೇ ಇರುವುದಿಲ್ಲ. ಆದ್ದರಿಂದ ನೀರು ಖಾಲಿಯಾದ ಮೇಲೆ ಟಾರ್ಚ್ ಹಿಡಿದು ಒಂದು ಫೋಟೋ, ತೊಳೆದು ಒರೆಸಿದ ಮೇಲೆ ಅದೇ ಮೂಲೆಯಿಂದ ಇನ್ನೊಂದು ಫೋಟೋ ತೆಗೆಯುತ್ತೇವೆ. ಜಾಗ ಒಂದೇ ಇರಬೇಕು, ಇಲ್ಲದಿದ್ದರೆ ನೋಡಿದವರು ನಂಬುವುದಿಲ್ಲ. ಎರಡನ್ನೂ ಆ ಮನೆಯವರ ವಾಟ್ಸ್ಆ್ಯಪ್‌ಗೆ ಮಾತ್ರ ಕಳಿಸುತ್ತೇನೆ. ಅದು ಸಂಜೆಯೊಳಗೆ ಅವರ ಕುಟುಂಬದ ಗುಂಪಿಗೆ ಹೋಗಿರುತ್ತದೆ, ನಾನು ಹೇಳಬೇಕಾಗಿಲ್ಲ. "ನಮ್ಮ ಸಂಪಿನಲ್ಲಿ ಇಷ್ಟು ಕೆಸರಿತ್ತು" ಎಂದು ತಾವಾಗಿಯೇ ಹೇಳಿಕೊಳ್ಳುವುದರಲ್ಲಿ ಜನಕ್ಕೆ ಒಂದು ಬಗೆಯ ಖುಷಿಯಿದೆ. ಅದನ್ನೇ ನಾನು ಪಕ್ಕದ ಮನೆಗೆ ತೋರಿಸಿದರೆ ಅವಮಾನವಾಗುತ್ತದೆ. ಒಂದು ಮನೆಯ ಕೊಳೆಯನ್ನು ಇನ್ನೊಂದು ಮನೆಯಲ್ಲಿ ತೋರಿಸಬಾರದು ಎಂಬುದು ನನ್ನ ಹುಡುಗರಿಗೂ ಗೊತ್ತು. ಹೊಸಬರು ಮಾದರಿ ಕೇಳಿದರೆ ನಮ್ಮದೇ ಮನೆಯ ಸಂಪಿನ ಫೋಟೋ ತೋರಿಸುತ್ತೇನೆ.

ಇನ್ನೊಂದು, ಕ್ಲೋರಿನ್ ಪರೀಕ್ಷೆ. ತೊಳೆದ ಮೇಲೆ ಬ್ಲೀಚಿಂಗ್ ಪೌಡರಿನ ತಿಳಿ ಹಾಕಿ, ಅರ್ಧ ಗಂಟೆಗೂ ಹೆಚ್ಚು ಬಿಟ್ಟು, ನೀರು ಪರೀಕ್ಷಿಸುತ್ತೇವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪುಟ್ಟ ಕೊಳವೆಯಲ್ಲಿ ನೀರು ತೆಗೆದು ಆರ್ಥೋಟಾಲಿಡಿನ್ ಎಂಬ ಪರೀಕ್ಷೆಯ ದ್ರವದ ಹನಿ ಹಾಕಿದರೆ ನೀರು ಹಳದಿಗೆ ತಿರುಗುತ್ತದೆ. ಬಣ್ಣ ಎಷ್ಟು ಗಾಢವೋ ಕ್ಲೋರಿನ್ ಅಷ್ಟು ಹೆಚ್ಚು. ಕಿಟ್ಟಿನ ಬಣ್ಣದ ಪಟ್ಟಿಗೆ ಹೋಲಿಸಿ ನೋಡಿಕೊಳ್ಳುವುದು. ಪರೀಕ್ಷೆ ಮಾಡಿದ ನೀರನ್ನು ಚರಂಡಿಗೇ ಚೆಲ್ಲಬೇಕು, ಮರಳಿ ಸಂಪಿಗಲ್ಲ.

ಆದರೆ ನೀರಿಗೆ ಬಣ್ಣ ಬರಿಸಿ ತೋರಿಸುವವರನ್ನು ಕಂಡರೆ ಜನ ಅನುಮಾನ ಪಡುತ್ತಾರೆ, ಪಡಬೇಕಾದದ್ದೇ. ಫಿಲ್ಟರ್ ಮಾರುವ ಕೆಲವರು ಲೋಟದ ನೀರಿಗೆ ಕಬ್ಬಿಣದ ಕಂಬಿ ಇಳಿಸಿ, ಕರೆಂಟ್ ಹಾಯಿಸಿ, ನೀರನ್ನು ಕಂದು ಮಾಡಿ ಹೆದರಿಸುತ್ತಾರೆ. ಅಲ್ಲಿ ಬಣ್ಣ ಬರುವುದು ಕಂಬಿಯ ಕಬ್ಬಿಣದಿಂದ. ಹಾಗಾಗಿ ನಾನು ಎರಡು ಕೊಳವೆ ಹಿಡಿಯುತ್ತೇನೆ. ಒಂದರಲ್ಲಿ ಸಂಪಿನ ನೀರು, ಇನ್ನೊಂದರಲ್ಲಿ ಅವರದೇ ಅಡುಗೆಮನೆಯ ಫಿಲ್ಟರಿನ ನೀರು. ಫಿಲ್ಟರಿನ ಇದ್ದಿಲು ಕ್ಲೋರಿನ್ನನ್ನು ಹಿಡಿದುಕೊಂಡಿರುವುದರಿಂದ ಅದಕ್ಕೆ ಬಣ್ಣ ಬರುವುದಿಲ್ಲ. ಹನಿಯನ್ನು ಮನೆಯವರ ಕೈಯಿಂದಲೇ ಹಾಕಿಸುತ್ತೇನೆ. ಶಾಲೆಗೆ ಹೋಗುವ ಮಕ್ಕಳಿದ್ದರಂತೂ ಅವರೇ ಮುಂದೆ ಬರುತ್ತಾರೆ, ಮಾರನೆಯ ದಿನ ಗೆಳೆಯರ ಮನೆಯವರೆಗೆ ಸುದ್ದಿ ಮುಟ್ಟಿಸುವವರೂ ಅವರೇ.

"ತೊಳೆದರೆ ಟಿಡಿಎಸ್ ಕಡಿಮೆಯಾಗುತ್ತದೆಯೇ?" ಎಂದು ಬಹಳ ಜನ ಕೇಳುತ್ತಾರೆ. ಇಲ್ಲ. ಟಿಡಿಎಸ್ ಎಂಬುದು ನೀರಿನಲ್ಲಿ ಕರಗಿರುವ ಲವಣ. ಸಂಪು ಉಜ್ಜಿದರೆ ಅದು ಹೋಗುವುದಿಲ್ಲ. ಹೌದು ಎಂದುಬಿಟ್ಟರೆ ಆ ದಿನ ಕೆಲಸ ಸಿಗುತ್ತದೆ. ಆದರೆ ಆ ಮನೆಯ ಮಗನೋ ಅಳಿಯನೋ ಮುಂದಿನ ವಾರ ಮೀಟರ್ ಇಳಿಸಿ ನೋಡುತ್ತಾನೆ. ಒಮ್ಮೆ ಇಲ್ಲ ಎಂದು ನೇರವಾಗಿ ಹೇಳಿದ್ದಕ್ಕೇ ಒಬ್ಬ ನಿವೃತ್ತ ಎಂಜಿನಿಯರ್ ತಮ್ಮ ವಾಕಿಂಗ್ ಬಳಗಕ್ಕೆಲ್ಲ ನನ್ನ ನಂಬರ್ ಹಂಚಿದರು. "ಆಗುವುದಿಲ್ಲ ಎಂದ ಮೊದಲ ಆಸಾಮಿ" ಎಂದು ಪರಿಚಯಿಸುತ್ತಿದ್ದರಂತೆ.

ಈಗ ನಂಬರಿನ ವಿಷಯ. ದುಡ್ಡನ್ನು ಫೋನಿನಲ್ಲೇ ಕಳಿಸುವುದರಿಂದ ಆ ಹೊತ್ತಿಗೆ ಫೋನ್ ಅವರ ಕೈಯಲ್ಲೇ ಇರುತ್ತದೆ. "ಅಮ್ಮ, ನನ್ನ ನಂಬರನ್ನು ಸಂಪ್ ಕ್ಲೀನಿಂಗ್ ಎಂದು ಸೇವ್ ಮಾಡಿಕೊಳ್ಳಿ, ನನ್ನ ಹೆಸರು ಹಾಕಬೇಡಿ" ಎನ್ನುತ್ತೇನೆ. ನನ್ನ ಹೆಸರಿನವರು ಅವರ ಫೋನಿನಲ್ಲಿ ಇನ್ನೂ ನಾಲ್ಕು ಜನ ಇರುತ್ತಾರೆ. ಎಂಟು ತಿಂಗಳಾದ ಮೇಲೆ ಸಂಪ್ ಎಂದು ಹುಡುಕಿದರೆ ನಾನೊಬ್ಬನೇ ಸಿಗಬೇಕು. ಸೇವ್ ಮಾಡಿಸುವುದರಲ್ಲಿ ಇನ್ನೊಂದು ಲಾಭವಿದೆ: ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸುವ ಸಂದೇಶ ನಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದರೆ ಆ ಪಟ್ಟಿಯನ್ನು ನಾನು ಬಳಸುವುದು ಅಪರೂಪ. ದಿನಾ ಶುಭೋದಯ ಕಳಿಸುವವರ ನಂಬರನ್ನು ಜನ ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು.

ಮೋಟಾರ್ ಸ್ವಿಚ್ಚಿನ ಪೆಟ್ಟಿಗೆಯ ಒಳಬದಿಗೆ ಒಂದು ಸಣ್ಣ ಸ್ಟಿಕ್ಕರ್ ಅಂಟಿಸುತ್ತೇವೆ. ತೊಳೆದ ದಿನಾಂಕ, ಮುಂದೆ ತೊಳೆಯಬೇಕಾದ ತಿಂಗಳು, ಫೋನ್ ನಂಬರ್. ಸಂಪಿನ ಮುಚ್ಚಳದ ಮೇಲೆ ಹಾಕಿದರೆ ಬಿಸಿಲಿಗೂ ಮಳೆಗೂ ಅಕ್ಷರ ಅಳಿಸಿಹೋಗುತ್ತದೆ. ಗೇಟಿಗೆ ಅಂಟಿಸಿದರೆ ಮನೆಯವರಿಗೆ ಕೋಪ. ಸ್ವಿಚ್ಚಿನ ಪೆಟ್ಟಿಗೆಯನ್ನು ದಿನಕ್ಕೊಮ್ಮೆಯಾದರೂ ಯಾರಾದರೂ ತೆರೆಯುತ್ತಾರೆ. ಬಾಡಿಗೆದಾರರು ಬದಲಾದರೂ ಸ್ಟಿಕ್ಕರ್ ಅಲ್ಲೇ ಇರುತ್ತದೆ.

ಕೇಳುವುದಕ್ಕೂ ಒಂದು ಹೊತ್ತಿದೆ. ಬಿಲ್ ಕೊಡುವಾಗ "ನಾಲ್ಕು ಜನಕ್ಕೆ ಹೇಳಿ" ಎಂದರೆ "ಆಯಿತು, ಆಯಿತು" ಎಂದು ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ನಾಲ್ಕು ಜನ ಎಂದರೆ ಯಾರೂ ಅಲ್ಲ. ನಾನು ಬೀದಿಯನ್ನೇ ಹಿಡಿದು ಕೇಳುತ್ತೇನೆ: "ಗಾಡಿ ಹೇಗೂ ಇಲ್ಲೇ ನಿಂತಿದೆ. ಪಕ್ಕದ ಮನೆಯವರು ಇವತ್ತೇ ಮಾಡಿಸುವುದಾದರೆ ಗಾಡಿ ಬಾಡಿಗೆ ಇಬ್ಬರಿಗೂ ಅರ್ಧರ್ಧ ಹಾಕುತ್ತೇನೆ, ನಿಮಗೂ ಅಷ್ಟು ಉಳಿಯುತ್ತದೆ." ಇದು ನನಗೂ ನಷ್ಟವಲ್ಲ, ಬೋಗಾದಿಯಿಂದ ಇನ್ನೊಂದು ದಿನ ಇನ್ನೊಂದು ಮೂಲೆಗೆ ಹೋಗುವ ಡೀಸೆಲ್ ಉಳಿಯುತ್ತದೆ. ಗಿರಾಕಿಗೂ ಸಂಕೋಚವಿಲ್ಲ, ಏಕೆಂದರೆ ಅವರು ಕಾಂಪೌಂಡ್ ಗೋಡೆಯ ಮೇಲಿಂದ ಒಂದು ಮಾತು ಕೂಗಿದರೆ ಸಾಕು. ಮೋಟಾರಿನ ಸದ್ದಿಗೆ ಪಕ್ಕದ ಮನೆಯವರು ಹೇಗೂ ಇಣುಕಿ ನೋಡುತ್ತಿರುತ್ತಾರೆ.

ನೀರು ಬರುವ ದಿನದ ಲೆಕ್ಕವನ್ನೂ ಮರೆಯಬಾರದು. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ನೀರು ಬರುವ ಹಿಂದಿನ ದಿನ ಮಾತ್ರ ಜನ ಸಂಪು ಖಾಲಿ ಮಾಡಿಸಲು ಒಪ್ಪುತ್ತಾರೆ. ಆ ಬೀದಿಯ ನೀರಿನ ದಿನ ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತದೆ. "ನಿಮ್ಮ ಕಡೆ ನಾಳೆ ನೀರಲ್ಲವೇ?" ಎಂದು ನಾನೇ ಕೇಳಿದರೆ ಅರ್ಧ ಮಾತುಕತೆ ಮುಗಿದ ಹಾಗೆ.

ಅದೇ ನೋಟ್‌ಬುಕ್ಕಿನಲ್ಲಿ "ಯಾರ ಕಡೆಯಿಂದ" ಎಂದು ಒಂದು ಕಾಲಂ ಇದೆ. ಹೊಸ ಕರೆ ಬಂದಾಗ ಮೊದಲು ಅದನ್ನು ಕೇಳಿ ಬರೆದುಕೊಳ್ಳುತ್ತೇನೆ. ಕೆಲಸ ಮುಗಿದ ಸಂಜೆ ಹೇಳಿದವರಿಗೆ ಫೋನ್ ಮಾಡುತ್ತೇನೆ: "ಮೇಡಂ, ನೀವು ಹೇಳಿದ ಮನೆಯಲ್ಲಿ ಇವತ್ತು ಕೆಲಸ ಮುಗಿಯಿತು. ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಅವರು ನಿಮಗೆ ಹೇಳುತ್ತಾರೆ, ನೀವು ನನಗೆ ಹೇಳಿ." ಇಷ್ಟೇ. ಎಷ್ಟು ಹಣ ತೆಗೆದುಕೊಂಡೆ, ಸಂಪು ಹೇಗಿತ್ತು, ಅವರ ಮನೆಯಲ್ಲಿ ಯಾರಿದ್ದರು ಎಂಬುದನ್ನು ಬಾಯಿ ಬಿಡುವುದಿಲ್ಲ. ದರದ ವಿಷಯದಲ್ಲಂತೂ ಒಂದೇ ಅಳತೆಯ ಸಂಪಿಗೆ ಒಂದೇ ದರ. ಎದುರು ಬದುರು ಮನೆಯವರು ಲೆಕ್ಕ ಹೋಲಿಸದೆ ಬಿಡುವುದಿಲ್ಲ.

ಉಡುಗೊರೆ ಕೊಡಬೇಕೇ? ನಗದು ಕೊಡಲು ಹೋದರೆ ನಮ್ಮ ಊರಿನ ಮರ್ಯಾದಸ್ಥರಿಗೆ ಮುಜುಗರ, "ಕಮಿಷನ್‌ಗಾಗಿ ಹೇಳಿದೆನೇ?" ಎನ್ನುತ್ತಾರೆ. ನಾನು ಅದನ್ನು ಕೆಲಸದಲ್ಲೇ ತೀರಿಸುತ್ತೇನೆ. ಮುಂದಿನ ಸಲ ಹೋದಾಗ ಮೇಲಿನ ಸಿಂಟೆಕ್ಸ್ ಟ್ಯಾಂಕನ್ನು ಹಾಗೆಯೇ ತೊಳೆದುಕೊಡುತ್ತೇನೆ, ಇಲ್ಲವೇ ಸೋರುವ ಬಾಲ್ ವಾಲ್ವ್ ಬದಲಾಯಿಸುತ್ತೇನೆ. ಮೊದಲೇ ಹೇಳಿ ಆಸೆ ತೋರಿಸುವುದಿಲ್ಲ. ಪ್ಲಂಬರ್, ಮೇಸ್ತ್ರಿ, ಮನೆ ಬ್ರೋಕರ್‌ಗಳ ದಾರಿ ಬೇರೆ. ಅವರಿಗೆ ಕಮಿಷನ್ ಕೊಡುವುದು ಈ ಕಸುಬಿನ ರೂಢಿ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಆ ಕಮಿಷನ್ ನನ್ನ ಪಾಲಿನಿಂದ ಹೋಗಬೇಕೇ ಹೊರತು ಗಿರಾಕಿಯ ಬಿಲ್ಲಿಗೆ ಸೇರಬಾರದು. ಗೂಗಲ್‌ನಲ್ಲಿ ಒಳ್ಳೆಯ ಮಾತು ಬರೆದವರಿಗೆ ರಿಯಾಯಿತಿ ಕೊಡುವುದು ಅವರ ನಿಯಮಕ್ಕೇ ವಿರುದ್ಧ; ಬರೆಯಿರಿ ಎಂದು ಕೇಳುತ್ತೇನೆ, ಬದಲಿಗೆ ಏನನ್ನೂ ಕೊಡುವುದಿಲ್ಲ.

ವರ್ಷದಲ್ಲಿ ಕೆಲಸ ತುಂಬಿ ತುಳುಕುವುದು ದೀಪಾವಳಿಯ ಮುಂಚೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ಬೆಳಗಿ ಪೂಜೆ ಮಾಡಿ ಹೊಸ ನೀರು ತುಂಬುವಾಗ ಆ ನೀರು ಬರುವ ಸಂಪಿನ ನೆನಪೂ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಆಷಾಢದಲ್ಲಿ ಗೃಹಪ್ರವೇಶಗಳಿಲ್ಲ, ನಮಗೂ ಬಿಡುವು. ಆಗ ಹಳೆಯ ಪುಟಗಳನ್ನು ತಿರುವಿ, ಅವಧಿ ಮುಗಿದ ಮನೆಗಳಿಗೆ ಫೋನ್ ಮಾಡುತ್ತೇನೆ. "ದೀಪಾವಳಿ ಹತ್ತಿರ ಬಂದರೆ ದಿನ ಸಿಗುವುದು ಕಷ್ಟ, ನಿಮ್ಮ ತಂಗಿಯವರ ಮನೆಗೂ ಈಗಲೇ ಹೇಳಿಬಿಡಿ" ಎಂದರೆ ಅದು ಅವರಿಗೆ ಒತ್ತಾಯದಂತೆ ಕೇಳುವುದಿಲ್ಲ, ಅದು ನಿಜವೂ ಹೌದು.

ಹಬ್ಬದ ವಾರದಲ್ಲಿ ಬರುವ ಎಲ್ಲ ಕರೆಗಳನ್ನೂ ಒಪ್ಪಿಕೊಳ್ಳಲು ಆಗುವುದಿಲ್ಲ. ಒಪ್ಪಿಕೊಂಡು ತಡವಾಗಿ ಹೋದರೆ ಹೇಳಿದವರ ತಲೆ ತಗ್ಗುತ್ತದೆ. ಆಗ ಇದೇ ಕಸುಬಿನ ಇನ್ನೊಬ್ಬರ ನಂಬರನ್ನು ನಾನೇ ಕೊಡುತ್ತೇನೆ. ಹಾಗೆ ಕೊಡುವಾಗ ಗಿರಾಕಿಗಳು ಯಾಕೆ ಅಷ್ಟು ಹಿಂದೆ ಮುಂದೆ ನೋಡುತ್ತಾರೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಈಗ ಅಡವಿರುವುದು ನನ್ನ ಮಾತು. ನಂಬರ್ ಕೊಡುವ ಮೊದಲು ಆ ಮನುಷ್ಯನನ್ನು ಕೇಳುವುದು ದರವನ್ನಲ್ಲ. ಬಹಳ ಕಾಲ ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿ ಸಾಲದೆ ಜನ ಸತ್ತಿದ್ದಾರೆ. ಮುಚ್ಚಳ ತೆರೆದು ಗಾಳಿ ಆಡಿಸಿದ ಮೇಲೆಯೇ ಇಳಿಯುತ್ತಾನೆಯೇ, ಹಗ್ಗ ಹಿಡಿದು ಮೇಲೆ ಒಬ್ಬನನ್ನು ನಿಲ್ಲಿಸುತ್ತಾನೆಯೇ, ಇಳಿಯುವ ಮೊದಲು ಮೋಟಾರಿನ ಕರೆಂಟ್ ತೆಗೆಯುತ್ತಾನೆಯೇ ಎಂದು ಕೇಳುತ್ತೇನೆ. ಮೂರಕ್ಕೂ ಹೌದು ಎನ್ನದಿದ್ದರೆ, ಗಿರಾಕಿಗೆ ಹಬ್ಬ ಮುಗಿದ ಮೇಲಿನ ಒಂದು ದಿನ ಹೇಳಿ, ಬರೆದುಕೊಳ್ಳುತ್ತೇನೆ.